ಒಂದೇ ಪೊರಕೆ, ಎರಡು ಸಂಬಳ

ನಮ್ಮ ಬೀದಿಯನ್ನು ಹಲವು ವರ್ಷ ಇಬ್ಬರು ಹೆಂಗಸರು ಗುಡಿಸುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಇಬ್ಬರೂ ಒಟ್ಟಿಗೇ ಬರುತ್ತಿದ್ದರು. ಬಲಬದಿ ಒಬ್ಬರದು, ಎಡಬದಿ ಇನ್ನೊಬ್ಬರದು. ಪೊರಕೆ ಒಂದೇ, ಕಸ ಒಂದೇ, ಬೈಯುವ ಮೇಸ್ತ್ರಿಯೂ ಒಬ್ಬನೇ. ಇಬ್ಬರ ನಡುವೆ ಏನೋ ವ್ಯತ್ಯಾಸವಿದೆ ಎಂದು ನನಗೆ ಗೊತ್ತಾದದ್ದು ಒಂದು ಹಬ್ಬದ ಮರುದಿನ. ಬಲಬದಿಯವರು ರಜೆಯಲ್ಲಿದ್ದರು. ಎಡಬದಿಯವರು ಎರಡೂ ಬದಿಯನ್ನು ಗುಡಿಸುತ್ತಿದ್ದರು. ‘ನೀವು ರಜೆ ಹಾಕಲಿಲ್ಲವೇನಮ್ಮ?’ ಎಂದು ಕೇಳಿದ್ದಕ್ಕೆ, ‘ಅವರು ಪರ್ಮನೆಂಟು ಸಾರ್, ನಾನು ಕಂಟ್ರಾಕ್ಟು. ನಾನು ರಜೆ ಹಾಕಿದರೆ ಆ ದಿನದ ದುಡ್ಡು ಹೋಯ್ತು’ ಎಂದರು. ದೂರುವ ದನಿಯೇನೂ ಅದರಲ್ಲಿರಲಿಲ್ಲ. ಮಳೆ ಬರುತ್ತಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು.

ಗುತ್ತಿಗೆ ಕೆಲಸ ಮೇಲೋ, ಕಾಯಂ ಕೆಲಸ ಮೇಲೋ ಎಂಬ ಚರ್ಚೆ ಇಂದು ಮನೆಮನೆಯಲ್ಲೂ ನಡೆಯುತ್ತದೆ. ಮಗಳಿಗೆ ವರ ನೋಡುವಾಗ ಈ ಪ್ರಶ್ನೆ ಬರುತ್ತದೆ, ಬ್ಯಾಂಕಿನಲ್ಲಿ ಸಾಲ ಕೇಳುವಾಗಲೂ ಬರುತ್ತದೆ. ಆದರೆ ಈ ಚರ್ಚೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಇವತ್ತು ಇದ್ದು ನಾಳೆ ಇಲ್ಲದ ಕೆಲಸಕ್ಕೆ ನ್ಯಾಯವಾಗಿ ಹೆಚ್ಚು ಕೂಲಿ ಸಿಗಬೇಕಲ್ಲವೆ? ಭದ್ರತೆ ಇಲ್ಲದವನಿಗೆ ಸಂಬಳವೂ ಕಡಿಮೆಯಾದದ್ದು ಹೇಗೆ?

ಈ ಪ್ರಶ್ನೆ ಹೊಸದಲ್ಲ. 1776ರಲ್ಲಿ ಪ್ರಕಟವಾದ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ ಆಡಂ ಸ್ಮಿತ್ ಇದನ್ನೇ ಎತ್ತಿಕೊಂಡಿದ್ದಾನೆ. ಗಾರೆ ಕೆಲಸದವನ ದಿನಗೂಲಿ ಕಾರ್ಖಾನೆಯ ಆಳಿನ ದಿನಗೂಲಿಗಿಂತ ಹೆಚ್ಚಿರುವುದು ಏಕೆ? ಮಳೆ, ಹಿಮ ಬಿದ್ದರೆ ಗಾರೆಯವನಿಗೆ ಕೆಲಸವಿಲ್ಲ, ಕರೆಯುವವರಿಲ್ಲದಿದ್ದರೂ ಕೆಲಸವಿಲ್ಲ. ಆ ಖಾಲಿ ದಿನಗಳ ಊಟವನ್ನೂ, ಆ ದಿನಗಳ ಆತಂಕವನ್ನೂ ಕೆಲಸವಿರುವ ದಿನದ ಕೂಲಿಯೇ ತುಂಬಿಕೊಡಬೇಕು ಎಂಬುದು ಅವನ ವಾದ. ನಮ್ಮಲ್ಲೂ ಇದು ನಿಜವೇ. ಒಳ್ಳೆಯ ಗಾರೆ ಮೇಸ್ತ್ರಿಯ ದಿನಗೂಲಿ ಎಷ್ಟೋ ಕಚೇರಿಗಳ ಜವಾನರ ಒಂದು ದಿನದ ಸಂಬಳಕ್ಕಿಂತ ಹೆಚ್ಚು. ಆಸ್ಟ್ರೇಲಿಯಾದಲ್ಲಂತೂ ಇದನ್ನು ನಿಯಮವನ್ನಾಗಿಯೇ ಮಾಡಿದ್ದಾರೆ. ಅಲ್ಲಿ ರಜೆ, ನೋಟಿಸು ಇಲ್ಲದ ಹಂಗಾಮಿ ಕೆಲಸಗಾರನಿಗೆ ಗಂಟೆಯ ಕೂಲಿಯ ಮೇಲೆ ಸಾಮಾನ್ಯವಾಗಿ ಶೇಕಡಾ 25ರಷ್ಟು ಹೆಚ್ಚುವರಿ ಸೇರಿಸಿ ಕೊಡುತ್ತಾರೆ.

ಹಾಗಾದರೆ ನಮ್ಮ ಬೀದಿಯ ಎಡಬದಿಯಲ್ಲಿ ಸ್ಮಿತ್‌ನ ಲೆಕ್ಕ ತಲೆಕೆಳಗಾದದ್ದು ಹೇಗೆ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ಪದಗಳನ್ನೇ ನೋಡೋಣ. ದುಡಿಮೆಯ ಬಗೆಗಿನ ನಮ್ಮ ಪದಗಳಲ್ಲಿ ಅರ್ಧ ಇತಿಹಾಸ ಅಡಗಿದೆ. ‘ಸಂಬಳ’ ಎಂದರೆ ಮೂಲದಲ್ಲಿ ದಾರಿಬುತ್ತಿ, ಪ್ರಯಾಣ ಹೊರಟವನಿಗೆ ಕಟ್ಟಿಕೊಡುವ ಆಹಾರ. ಉತ್ತರ ಕರ್ನಾಟಕದವರು ಹೇಳುವ ‘ಪಗಾರ’ ಪೋರ್ಚುಗೀಸರಿಂದ ಬಂದದ್ದು. ‘ಮೇಸ್ತ್ರಿ’ಯೂ ಅಲ್ಲಿಯದೇ. ‘ಕಾಯಂ’ ಅರಬ್ಬಿಯದು, ನಿಂತಿರುವುದು ಎಂದು ಅದರ ಅರ್ಥ. ‘ಗುತ್ತಿಗೆ’ ಮಾತ್ರ ನಮ್ಮದೇ ಹಳೆಯ ಪದ. ಶಾಸನಗಳಲ್ಲಿ ‘ಗುತ್ತಗೆ’ ಎಂದು ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿ ಗುತ್ತಗೆಗೆ ಹೋಗುವುದು ಭೂಮಿ, ತೆರಿಗೆ, ಸುಂಕ ಇಂಥವು. ಇಷ್ಟು ಕೊಡುತ್ತೇನೆ, ಉಳಿದದ್ದು ನನ್ನದು ಎಂಬ ಒಪ್ಪಂದ ಅದು. ಮನುಷ್ಯರ ದುಡಿಮೆಯನ್ನು ಸಗಟಾಗಿ ಹಿಡಿದು ಕೊಡುವ ಅರ್ಥ ಆ ಪದಕ್ಕೆ ಅಂಟಿಕೊಂಡದ್ದು ಆಮೇಲೆ.

ಎಲ್ಲಕ್ಕಿಂತ ಸೋಜಿಗದ ಪದ ‘ಜೀತ’. ‘ಜೀವಿತ’ದಿಂದ ಬಂದ ಈ ಮಾತಿಗೆ ಹಳಗನ್ನಡದಲ್ಲಿ ವೇತನ, ಬದುಕಿಗೆ ಆಧಾರವಾದ ಸಂಬಳ ಎಂಬ ಗೌರವದ ಅರ್ಥವಿತ್ತು. ಜೀತವುಳ್ಳವನು ಎಂದರೆ ಒಡೆಯನಿಂದ ನೆಲೆಯಾದ ಆದಾಯ ಪಡೆಯುವವನು, ಇಂದಿನ ಮಾತಿನಲ್ಲಿ ಪರ್ಮನೆಂಟು! ಆ ಪದವೇ ಸಾಲಕ್ಕೆ ಸಿಕ್ಕಿ ತಲೆಮಾರುಗಟ್ಟಲೆ ದುಡಿಯುವವನ ಹೆಸರಾಯಿತು. ಕೊನೆಗೆ 1976ರಲ್ಲಿ ಕಾನೂನು ಮಾಡಿ ಜೀತವನ್ನು ರದ್ದುಮಾಡಬೇಕಾಯಿತು. ನೆಲೆಯಾದ ಕೆಲಸ ಮತ್ತು ಬಿಡಿಸಿಕೊಳ್ಳಲಾಗದ ಕೆಲಸ, ಇವೆರಡರ ನಡುವಣ ಗೋಡೆ ನಮ್ಮಲ್ಲಿ ಎಷ್ಟು ತೆಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯದ ಪಕ್ಕದ ಗರುಡಗಂಬವನ್ನು ನೋಡಿರಬಹುದು. ಇಮ್ಮಡಿ ವೀರಬಲ್ಲಾಳ ಸತ್ತಾಗ ಅವನ ಗರುಡನಾಗಿದ್ದ ಕುವರ ಲಕ್ಷ್ಮ ತನ್ನ ಹೆಂಡತಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಬಿಟ್ಟದ್ದನ್ನು ಅದು ಹೇಳುತ್ತದೆ. ಕತ್ತಿ ಹಿಡಿದು ತಮ್ಮ ತಲೆಯನ್ನೇ ಕೊಟ್ಟುಕೊಳ್ಳುವ ವೀರರ ಚಿತ್ರಗಳು ಆ ಕಂಬದಲ್ಲಿವೆ. ಉಂಡ ಜೋಳದ ಋಣವನ್ನು ಹೀಗೆ ತೀರಿಸುವುದಕ್ಕೆ ನಮ್ಮವರು ‘ಜೋಳವಾಳಿ’ ಎಂದರು. ಕಾಯಂ ನೌಕರಿಯ ಪರಾಕಾಷ್ಠೆ ಇದು. ಇಲ್ಲಿ ನಿವೃತ್ತಿಯ ವಯಸ್ಸು ಒಡೆಯನ ಆಯುಸ್ಸು.

ಹಳ್ಳಿಯ ಮಟ್ಟದಲ್ಲಿ ಆಯಗಾರರ ವ್ಯವಸ್ಥೆ ಇತ್ತು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತಳವಾರ ಮುಂತಾದವರಿಗೆ ಸುಗ್ಗಿಯಲ್ಲಿ ಕಣದಿಂದ ಇಂತಿಷ್ಟು ಧಾನ್ಯ ಅಥವಾ ಒಂದಿಷ್ಟು ಮಾನ್ಯದ ಭೂಮಿ. ಯಾರೂ ಅವರನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಅವರೂ ಬಿಡುವಂತಿರಲಿಲ್ಲ, ಅವರ ಮಕ್ಕಳೂ ಬಿಡುವಂತಿರಲಿಲ್ಲ. ಇದನ್ನು ಸುವರ್ಣಯುಗವೆಂದು ಬಣ್ಣಿಸುವವರು ತೋಟಿಗನ ಮನೆಯ ಕಡೆಯಿಂದ ಒಮ್ಮೆ ನೋಡುವುದು ಒಳ್ಳೆಯದು.

ಬ್ರಿಟಿಷರ ಕಾಲಕ್ಕೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ಬಂದವು. ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳುಗಳು ಬೇಕಾದರು. ದೊರೆಗಳು ಮೇಸ್ತ್ರಿಗೆ ಮುಂಗಡ ಕೊಟ್ಟರು, ಮೇಸ್ತ್ರಿ ಹಳ್ಳಿಗಳಿಗೆ ಹೋಗಿ ಕುಟುಂಬಗಳಿಗೆ ಮುಂಗಡ ಕೊಟ್ಟು ಗುಂಪು ಕಟ್ಟಿ ಕರೆತಂದ. ಈ ಮೇಸ್ತ್ರಿಯೇ ಇಂದಿನ ಕೂಲಿ ಗುತ್ತಿಗೆದಾರನ ಅಜ್ಜ. ಆಗಿನ ಒಪ್ಪಂದಕ್ಕೆ ಬೆನ್ನೆಲುಬಾಗಿದ್ದದ್ದು 1859ರ ಒಂದು ಕಾಯಿದೆ. ಮುಂಗಡ ಪಡೆದ ಕೆಲಸಗಾರ ಒಪ್ಪಂದ ಮುರಿದು ಓಡಿಹೋದರೆ ಅದು ಅಪರಾಧವಾಗುತ್ತಿತ್ತು. ಮ್ಯಾಜಿಸ್ಟ್ರೇಟರು ಅವನನ್ನು ಕೆಲಸಕ್ಕೆ ಮರಳಿಸಬಹುದಿತ್ತು, ಒಪ್ಪದಿದ್ದರೆ ಸೆರೆಮನೆಗೆ ಕಳಿಸಬಹುದಿತ್ತು. 1925ರಲ್ಲಷ್ಟೇ ಅದನ್ನು ರದ್ದುಮಾಡುವ ಕಾಯಿದೆ ಬಂತು. ಆಗ ಕೆಲಸಗಾರ ಬಿಟ್ಟು ಹೋಗದಂತೆ ಒಪ್ಪಂದ ಹಿಡಿದಿಡುತ್ತಿತ್ತು. ಈಗಿನ ಒಪ್ಪಂದವಾದರೋ ಮಾಲೀಕ ಬೇಕೆಂದಾಗ ಬಿಡುವುದಕ್ಕೆ ಅನುಕೂಲವಾಗಿದೆ. ಹೆಸರು ಒಂದೇ, ಕೆಲಸ ಉಲ್ಟಾ.

ನಮ್ಮ ತಂದೆಯ ತಲೆಮಾರಿನವರು ‘ಕಾಯಂ’ ಎಂಬ ಪದ ಉಚ್ಚರಿಸುವಾಗ ಅವರ ಮನಸ್ಸಿನಲ್ಲಿದ್ದ ಚಿತ್ರ ಇವೆರಡೂ ಅಲ್ಲ. ಅದು ಒಂದು ಕಡೆ ಮೈಸೂರು ಸಂಸ್ಥಾನದ ಸರ್ಕಾರಿ ನೌಕರಿ, ಇನ್ನೊಂದು ಕಡೆ ಬೆಂಗಳೂರಿನ ಕಾರ್ಖಾನೆ. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ, ಅದರ ಶಿಫಾರಸಿನ ಮೇಲೆ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗತೊಡಗಿದ ಮೇಲೆ, ಒಂದು ಗುಮಾಸ್ತೆಯ ಕೆಲಸ ಎಂದರೆ ಒಂದು ಕುಟುಂಬದ ಮೂರು ತಲೆಮಾರಿನ ದಿಕ್ಕು ಬದಲಾದಂತೆ ಎಂಬ ಭಾವನೆ ಬೇರೂರಿತು. ಆಮೇಲೆ ಕಾರ್ಖಾನೆಗಳು: 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇವು ಕೈಗಡಿಯಾರ, ಟೆಲಿಫೋನುಗಳ ಜೊತೆಗೆ ಬಡಾವಣೆಗಳನ್ನೂ ತಯಾರಿಸಿದವು. ಕ್ವಾರ್ಟರ್ಸು, ಕಾರ್ಖಾನೆ ಬಸ್ಸು, ಕ್ಯಾಂಟೀನು, ಕನ್ನಡ ಸಂಘ, ನಾಟಕ, ಹೌಸಿಂಗ್ ಸೊಸೈಟಿ. ಬೆಂಗಳೂರಿನ ಉತ್ತರಕ್ಕೆ ಇರುವ ಎಷ್ಟೋ ಬಡಾವಣೆಗಳ ಹೆಸರುಗಳೇ ಕಾರ್ಖಾನೆಯ ಹೆಸರುಗಳು. ತಿಂಗಳ ಸಂಬಳ ಮೂವತ್ತು ವರ್ಷ ತಪ್ಪುವುದಿಲ್ಲ ಎಂಬ ನಂಬಿಕೆ ಇಲ್ಲದೆ ಇಪ್ಪತ್ತು ವರ್ಷದ ಕಂತಿನ ಮನೆಯನ್ನು ಯಾರೂ ಕಟ್ಟುವುದಿಲ್ಲ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಈ ಕಾರ್ಖಾನೆಗಳ ಕಾರ್ಮಿಕರು ವೇತನಕ್ಕಾಗಿ 77 ದಿನ ಮುಷ್ಕರ ಹೂಡಿದ್ದೂ ಅದೇ ನಂಬಿಕೆಯ ಬಲದಿಂದ. ನಾಳೆ ಗೇಟು ಮುಚ್ಚಿಕೊಳ್ಳುತ್ತದೆ ಎಂಬ ಭಯವಿರುವವನು 77 ದಿನ ಹೊರಗೆ ನಿಲ್ಲಲಾರ.

ಆದರೆ ಕಾಯಂ ಎಂಬುದು ಶಾಶ್ವತವೂ ಅಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ನೇಮಕಾತಿ ಪತ್ರದಲ್ಲಿ ಏನೇ ಬರೆದಿರಲಿ, ಅದನ್ನು ಬರೆದ ಸಂಸ್ಥೆ ಇರುವಷ್ಟು ದಿನ ಮಾತ್ರ ಆ ಮಾತಿಗೆ ಬೆಲೆ.

ಇನ್ನು ಕಾನೂನಿನ ಕಥೆ. ಇದು ಸ್ವಲ್ಪ ಉದ್ದದ್ದು, ಆದರೆ ಇದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1960ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ತೈಲ ಶುದ್ಧೀಕರಣ ಘಟಕದ ಪ್ರಕರಣ ಬಂದಿತ್ತು. ಅಲ್ಲಿನ ಶುಚಿಗೊಳಿಸುವ ಕೆಲಸವನ್ನು ಗುತ್ತಿಗೆಗೆ ಕೊಡಬಹುದೇ ಎಂಬುದು ಪ್ರಶ್ನೆ. ಆ ಕೆಲಸ ವರ್ಷವಿಡೀ ನಡೆಯುವಂಥದೇ, ಉದ್ಯಮಕ್ಕೆ ಅಗತ್ಯವೇ, ಬೇರೆ ಕಡೆ ಇದನ್ನು ಕಾಯಂ ನೌಕರರು ಮಾಡುತ್ತಾರೆಯೇ ಎಂದು ಕೋರ್ಟು ನೋಡಿತು. ಈ ಅಳತೆಗೋಲುಗಳೇ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಗೆ ಹೋದವು. ಸರ್ಕಾರ ಬೇಕೆಂದಲ್ಲಿ ಗುತ್ತಿಗೆಯನ್ನು ನಿಷೇಧಿಸಬಹುದೆಂದು ಆ ಕಾಯಿದೆ ಹೇಳಿತು. ಒಂದೇ ಬಗೆಯ ಕೆಲಸಕ್ಕೆ ಗುತ್ತಿಗೆಯವನಿಗೂ ಮುಖ್ಯ ಮಾಲೀಕನ ಕಾಯಂ ನೌಕರನಷ್ಟೇ ಕೂಲಿ ಕೊಡಬೇಕೆಂದು ಅದರ ಅಡಿಯ ನಿಯಮ ಹೇಳಿತು. 1976ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ವ್ಯಾಪ್ತಿಯ ಕಟ್ಟಡಗಳಲ್ಲಿ ಗುಡಿಸುವ, ಒರೆಸುವ, ಕಾವಲು ಕಾಯುವ ಕೆಲಸಗಳಿಗೆ ಗುತ್ತಿಗೆಯನ್ನು ನಿಷೇಧಿಸಿಯೂ ಬಿಟ್ಟಿತು. ಗಮನಿಸಿ, ಆ ನಿಷೇಧದಲ್ಲೂ ಇದ್ದದ್ದು ಪೊರಕೆಯೇ.

ನಿಷೇಧವಾದರೆ ಆ ಗುತ್ತಿಗೆ ಕಾರ್ಮಿಕನ ಗತಿ ಏನು? 1996ರ ಏರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅವನು ತಾನಾಗಿಯೇ ಮುಖ್ಯ ಮಾಲೀಕನ ನೌಕರನಾಗುತ್ತಾನೆ ಎಂದಿತು. 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಐವರ ಪೀಠ ಅದನ್ನು ತಳ್ಳಿಹಾಕಿತು. ಹಾಗೆ ತಾನಾಗಿಯೇ ಆಗುವುದಿಲ್ಲ ಎಂದಿತು, 1976ರ ಅಧಿಸೂಚನೆಯೂ ಬಿತ್ತು. ಮಧ್ಯದ ಐದು ವರ್ಷಗಳಲ್ಲಿ ಬಾಗಿಲು ತೆರೆಯಿತು, ಮುಚ್ಚಿತು.

ಇದರ ಪಕ್ಕದಲ್ಲೇ ನಡೆದದ್ದು ಸರ್ಕಾರಿ ದಿನಗೂಲಿ ನೌಕರರ ಕಥೆ. ಗುತ್ತಿಗೆದಾರ ಇಲ್ಲಿಲ್ಲ, ಸರ್ಕಾರವೇ ನೇರವಾಗಿ ತಾತ್ಕಾಲಿಕವೆಂದು ಇಟ್ಟುಕೊಂಡವರು. ಕರ್ನಾಟಕ ಸರ್ಕಾರ 1984ರ ಜುಲೈ 1ರಿಂದ ದಿನಗೂಲಿ ನೇಮಕವನ್ನು ನಿಷೇಧಿಸಿತ್ತು. ಅದಕ್ಕೆ ಮುಂಚೆ ಸೇರಿದವರ ಪರವಾಗಿ 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹತ್ತು ವರ್ಷ ಪೂರೈಸಿದವರನ್ನು ಕಾಯಂ ಮಾಡುವ ದಾರಿ ತೋರಿಸಿತು. ಆದರೆ ನಿಷೇಧದ ಮೇಲೂ ಇಲಾಖೆಗಳು ಜನರನ್ನು ಸೇರಿಸಿಕೊಳ್ಳುತ್ತಲೇ ಹೋದವು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರ ಹೊತ್ತಿಗೆ ಸೇರಿ ಹತ್ತು ವರ್ಷಕ್ಕೂ ಮಿಕ್ಕಿ ದುಡಿದ ಕೆಲವರು ಕೋರ್ಟಿಗೆ ಹೋದರು. ಅದೇ ಉಮಾದೇವಿ ಪ್ರಕರಣ. ಇಂದು ದೇಶದ ಯಾವ ಮೂಲೆಯ ತಾತ್ಕಾಲಿಕ ನೌಕರ ಕೋರ್ಟಿಗೆ ಹೋದರೂ ಎದುರು ವಕೀಲರು ಮೊದಲು ಎತ್ತುವ ಹೆಸರು ಅದು.

2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಿ ಹುದ್ದೆ ಎಲ್ಲರಿಗೂ ಸೇರಿದ್ದು, ಅರ್ಜಿ ಕರೆದು, ಸ್ಪರ್ಧೆ ನಡೆಸಿ ತುಂಬಬೇಕಾದದ್ದು. ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ಇದ್ದರೂ ಕಾಯಂ ಆಗುವ ಹಕ್ಕು ಅವರಿಗಿಲ್ಲ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಸಲಕ್ಕೆ ಮಾತ್ರ ಪರಿಗಣಿಸಬಹುದು ಎಂಬುದು ತೀರ್ಪಿನ ಸಾರ. ಈ ವಾದವನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಊರಿನಲ್ಲಿ ಕೂತು ಕೆಪಿಎಸ್‌ಸಿ ಅಧಿಸೂಚನೆಗಾಗಿ ಕಾಯುತ್ತಿರುವ ಹುಡುಗಿಗೂ ಆ ಹುದ್ದೆಯ ಮೇಲೆ ಹಕ್ಕಿದೆ. ಯಾರದೋ ಶಿಫಾರಸಿನಿಂದ ಒಳಬಂದವರು ಅದನ್ನು ಕಬಳಿಸಿದರೆ ಅವಳಿಗೆ ಅನ್ಯಾಯ. ಆದರೆ ನನ್ನ ತಕರಾರು ಬೇರೆ. ಆ ತೀರ್ಪಿನ ಭಾರ ಬಿದ್ದದ್ದೆಲ್ಲ ದುಡಿದವನ ಮೇಲೆ. ನಿಯಮ ಮೀರಿ ನೇಮಿಸಿಕೊಂಡ ಇಲಾಖೆ ಹಾಯಾಗಿ ಉಳಿಯಿತು. ಅಷ್ಟೇ ಅಲ್ಲ, ತೀರ್ಪನ್ನೇ ಗುರಾಣಿಯಾಗಿ ಹಿಡಿದು ಮತ್ತೆ ತಾತ್ಕಾಲಿಕ ನೇಮಕಕ್ಕೆ ಇಳಿಯಿತು. ಹುದ್ದೆ ತುಂಬಲಿಲ್ಲವಾದ್ದರಿಂದ ಕಾಯುತ್ತಿದ್ದ ಆ ಹುಡುಗಿಗೂ ಕೆಲಸ ಸಿಗಲಿಲ್ಲ. ಅವಳೇ ಈಗ ಯಾವುದೋ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ! ವರ್ಷ ವರ್ಷವೂ ಬಂದು ಪಾಠ ಮಾಡಿ ಹೋಗುವ ಅತಿಥಿಯನ್ನು ಕನ್ನಡ ಬಿಟ್ಟರೆ ಬೇರೆ ಭಾಷೆಗಳು ಏನೆಂದು ಕರೆಯುತ್ತವೋ.

ಈ ಮಾತನ್ನು ಕೊನೆಗೆ ಸುಪ್ರೀಂ ಕೋರ್ಟೇ ಹೇಳಿತು. 2016ರಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ, ಕಾಯಂ ಮಾಡಲಿ ಬಿಡಲಿ, ಒಂದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೂ ಸಮಾನ ವೇತನದ ತತ್ವ ಅನ್ವಯಿಸುತ್ತದೆ ಎಂದಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಎಂಬಾಕೆಯ ಪ್ರಕರಣದಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ದೀರ್ಘಕಾಲ ಗುಡಿಸಿ ಒರೆಸುತ್ತಿದ್ದವರನ್ನು ಕಾಯಂಗೊಳಿಸಲು ಹೇಳುತ್ತಾ, ಉಮಾದೇವಿ ತೀರ್ಪನ್ನು ದುಡಿದವರ ವಿರುದ್ಧ ಅಸ್ತ್ರವಾಗಿ ಬಳಸುವುದು ಸಲ್ಲದು ಎಂದಿತು. ಮತ್ತೆ ಪೊರಕೆ.

ಈಗ ಲೆಕ್ಕಕ್ಕೆ ಬರೋಣ. ಗುತ್ತಿಗೆಯಿಂದ ದುಡ್ಡು ಉಳಿಯುತ್ತದೆ ಎನ್ನುತ್ತಾರೆ. ಯಾರಿಗೆ ಉಳಿಯುತ್ತದೆ? ಒಂದು ಉದಾಹರಣೆ ಹಾಕಿಕೊಳ್ಳೋಣ. ಗುತ್ತಿಗೆಯ ಒಬ್ಬ ಕೆಲಸಗಾರನ ತಿಂಗಳ ಕೂಲಿ 15,000 ರೂಪಾಯಿ. ಅದರಲ್ಲಿ ಭವಿಷ್ಯನಿಧಿಗೆ ಶೇಕಡಾ 12, ಇಎಸ್‌ಐಗೆ ಶೇಕಡಾ 0.75 ಕಳೆದರೆ ಕೈಗೆ ಬರುವುದು ಸುಮಾರು 13,090. ಗುತ್ತಿಗೆದಾರ ತನ್ನ ಪಾಲಿನ ಭವಿಷ್ಯನಿಧಿ, ಇಎಸ್‌ಐ ಸೇರಿಸಿ ಸುಮಾರು 17,440ರ ಲೆಕ್ಕ ತೋರಿಸುತ್ತಾನೆ. ಅದರ ಮೇಲೆ ಶೇಕಡಾ 5ರಷ್ಟು ಅವನ ಸೇವಾಶುಲ್ಕ ಎಂದುಕೊಂಡರೆ 18,310. ವಿನಾಯಿತಿ ಇಲ್ಲದ ಕಡೆ ಶೇಕಡಾ 18ರ ಜಿಎಸ್‌ಟಿ ಸೇರಿದರೆ 21,600. ಕಚೇರಿ ಖರ್ಚು ಮಾಡುವುದು 21,600, ಕೆಲಸಗಾರ ಮನೆಗೆ ಒಯ್ಯುವುದು 13,090. ಇದು ಎಲ್ಲವೂ ಪ್ರಾಮಾಣಿಕವಾಗಿ ನಡೆದಾಗಿನ ಲೆಕ್ಕ. ಭವಿಷ್ಯನಿಧಿ ಕಟ್ಟದೆ ನುಂಗುವವರ ಲೆಕ್ಕವೇ ಬೇರೆ.

ಕಾಯಂ ನೌಕರನ ಕಡೆ ನೋಡಿದರೆ, 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಶಿಫಾರಸಿನಂತೆ ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ವರ್ಷದ ಬಡ್ತಿ. ಹಾಗೆಂದು ಹಳೆಯ ಪಿಂಚಣಿಯನ್ನು ನೆನೆದು ಯಾರೂ ಮೋಸಹೋಗಬಾರದು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರನ್ನು ವಂತಿಗೆ ಕಟ್ಟುವ ಹೊಸ ಪಿಂಚಣಿಗೆ ಸೇರಿಸಲಾಯಿತು.

ಖಾಸಗಿ ಕಂಪನಿಯಲ್ಲಿ ಎರಡು ಅವಕಾಶ ಎದುರಿಗಿರುವ ತರುಣರಿಗೂ ಒಂದು ಲೆಕ್ಕ ಉಪಯೋಗಕ್ಕೆ ಬರಬಹುದು. ಕಾಯಂ ಕೆಲಸಕ್ಕೆ ತಿಂಗಳಿಗೆ 30,000, ಗುತ್ತಿಗೆ ಕೆಲಸಕ್ಕೆ 36,000 ಎಂದಿರಲಿ. ಮೇಲ್ನೋಟಕ್ಕೆ ಗುತ್ತಿಗೆಯೇ ಲಾಭ. ಆದರೆ ಒಪ್ಪಂದ ಮುಗಿದು ಇನ್ನೊಂದು ಸಿಗುವವರೆಗೆ ವರ್ಷಕ್ಕೆ ಎರಡು ತಿಂಗಳು ಖಾಲಿ ಹೋದರೆ ಎರಡೂ 3,60,000ಕ್ಕೆ ಸಮ. ಕಾಯಂನವನಿಗೆ ಮಾಲೀಕನ ಭವಿಷ್ಯನಿಧಿ ಶೇಕಡಾ 12ರಂತೆ 43,200, ವರ್ಷಕ್ಕೆ ಹದಿನೈದು ದಿನದ ಗ್ರಾಚ್ಯುಟಿ ಸುಮಾರು 17,300 ಸೇರಿದರೆ 4,20,500. ಇವು ಸಿಗದ ಗುತ್ತಿಗೆಯವನು ಇದನ್ನು ಹತ್ತು ತಿಂಗಳಲ್ಲಿ ಗಳಿಸಬೇಕಾದರೆ ತಿಂಗಳಿಗೆ 42,000 ಬೇಕು, ಅಂದರೆ ಶೇಕಡಾ 40 ಹೆಚ್ಚು. ಸಂಬಳ ಸಹಿತ ರಜೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಬೇಡಿಕೆಯಿರುವ ಕೌಶಲವುಳ್ಳ ಕಂಪ್ಯೂಟರ್ ಎಂಜಿನಿಯರ್ ಇದನ್ನು ಕೇಳಿ ಪಡೆಯುತ್ತಾನೆ. ಅವನಿಗೆ ಗುತ್ತಿಗೆ ನಿಜಕ್ಕೂ ಸ್ವಾತಂತ್ರ್ಯ. ಸ್ಮಿತ್‌ನ ಗಾರೆಯವನಂತೆ, ಈ ಮನೆ ಅಲ್ಲದಿದ್ದರೆ ಆ ಮನೆ ಎನ್ನಬಲ್ಲವನು ಅವನು.

ಗುಡಿಸುವವರಿಗೆ ಆ ಮಾತು ಹೇಳಲಾಗುವುದಿಲ್ಲ. ಸ್ಮಿತ್‌ನ ಲೆಕ್ಕ ತಲೆಕೆಳಗಾದದ್ದು ಇಲ್ಲಿಯೇ. ಬೆಂಗಳೂರಿನ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಆಯಗಾರಿಕೆಯ ಕಾಲದಲ್ಲಿ ಜಾತಿಯ ಕಾರಣಕ್ಕೆ ಈ ಕೆಲಸ ಬಿಡಲಾಗದಂತೆ ಕಟ್ಟಿಹಾಕಿದ್ದೆವು. ನಗರದಲ್ಲಿ ಅದೇ ಜನರನ್ನು ಗುತ್ತಿಗೆಯ ಕೈಗೆ ಕೊಟ್ಟು ಯಾವಾಗ ಬೇಕಾದರೂ ಬಿಡಿಸಬಹುದು ಎಂದೆವು. ಕಾಯಂತನದ ಬಂಧನವೂ ಅವರಿಗೇ, ತಾತ್ಕಾಲಿಕತೆಯ ಭಯವೂ ಅವರಿಗೇ. ಎರಡರ ಒಳ್ಳೆಯ ಅರ್ಧ ಬೇರೆಯವರಿಗೆ ಹೋಯಿತು.

ಅವರು ಸುಮ್ಮನಿರಲಿಲ್ಲ. 2018ರ ಆರಂಭದಿಂದ ಬೆಂಗಳೂರಿನಲ್ಲಿ ಗುತ್ತಿಗೆದಾರನನ್ನು ಬಿಟ್ಟು ಪಾಲಿಕೆಯಿಂದ ನೇರವಾಗಿ ವೇತನ ಪಾವತಿ ಬಂತು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಮಾಡಿದರು. ನಾಲ್ಕು ದಿನ ಗುಡಿಸದಿದ್ದರೆ ನಗರ ಹೇಗಿರುತ್ತದೆಂದು ಆಗ ಎಲ್ಲರಿಗೂ ತಿಳಿಯಿತು. ಕಾಯಂ ಮಾಡುವ ಭರವಸೆ ಸಿಕ್ಕಿತು. 2025ರ ಮೇ 1ರಂದು, ಆಗಿನ ಬಿಬಿಎಂಪಿಯ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಮುಖ್ಯಮಂತ್ರಿಗಳು ಕಾಯಂ ನೇಮಕದ ಪತ್ರ ಕೊಟ್ಟರು.

ಅದೇ ವರ್ಷದ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1970ರ ಗುತ್ತಿಗೆ ಕಾಯಿದೆ ಅದರೊಂದಿಗೆ ಹೋಯಿತು. ಇಪ್ಪತ್ತು ಜನ ಗುತ್ತಿಗೆಯವರಿದ್ದರೆ ಅನ್ವಯವಾಗುತ್ತಿದ್ದ ಕಾನೂನು ಈಗ ಐವತ್ತು ಜನರಿಂದ ಶುರು. ಸಂಸ್ಥೆಯ ಮೂಲ ಚಟುವಟಿಕೆಗೆ ಗುತ್ತಿಗೆ ಕೂಡದು ಎಂಬುದು ಹೊಸ ಸಾಮಾನ್ಯ ನಿಯಮ. ಆದರೆ ಗುಡಿಸುವುದೇ ತನ್ನ ಉದ್ದೇಶವಲ್ಲದ ಸಂಸ್ಥೆಗಳಲ್ಲಿ ಶುಚಿತ್ವದ ಕೆಲಸ, ಕಾವಲು, ಕ್ಯಾಂಟೀನುಗಳನ್ನು ಮೂಲ ಚಟುವಟಿಕೆಯೆಂದು ಎಣಿಸುವುದಿಲ್ಲ. 1976ರಲ್ಲಿ ನಿಷೇಧ ತಟ್ಟಿದ್ದ ಬಾಗಿಲು ಇದು. ಇನ್ನೊಂದು ಕಡೆ, ನಿಗದಿತ ಅವಧಿಗೆ ನೇರವಾಗಿ ಸೇರಿಸಿಕೊಂಡ ನೌಕರನಿಗೆ ಕಾಯಂನವನಷ್ಟೇ ಸೌಲಭ್ಯ, ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಎಂದೂ ಅದೇ ಸಂಹಿತೆಗಳು ಹೇಳುತ್ತವೆ. ಮೊದಲು ಗ್ರಾಚ್ಯುಟಿಗೆ ಐದು ವರ್ಷ ಬೇಕಿತ್ತು.

ನಮ್ಮ ಬೀದಿಯ ಎಡಬದಿಯವರಿಗೂ ಪತ್ರ ಬಂದಿದೆ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ಎರಡು ದಿನ ಕಾಣಲಿಲ್ಲ. ಮೂರನೆಯ ದಿನ ಕೇಳಿದೆ. ‘ಮೊಮ್ಮಗಳಿಗೆ ಹುಷಾರಿರಲಿಲ್ಲ ಸಾರ್, ರಜೆ ಬರೆದುಕೊಟ್ಟು ಹೋಗಿದ್ದೆ’ ಎಂದರು. ಕಸದ ಆಟೋದ ಹಿಂದೆ ನಿಂತು ಬುಟ್ಟಿ ಸುರಿದುಕೊಳ್ಳುವ ಹುಡುಗ ಇದನ್ನು ಕೇಳಿಸಿಕೊಳ್ಳುತ್ತಿದ್ದ. ಆಟೋ ಚಾಲಕರು, ಕಸ ತುಂಬುವವರು ಆ ಪಟ್ಟಿಯಲ್ಲಿ ಇರಲಿಲ್ಲ.